ಒಂದೇ ರೂಮು, ನಾವೇ ಪೇಂಟ್ ಹೊಡ್ಕೋಬೋದಾ? ಮೊದಲ ಸಲ ಮಾಡೋರಿಗೆ ಪೇಂಟು, ಬ್ರಷ್ಷು, ರೋಲರ್ ಆರಿಸೋ ದಾರಿ

ಇದನ್ನ ಎಷ್ಟ್ ಜನ ಕೇಳಿದಾರೋ ಲೆಕ್ಕ ಇಲ್ಲ. "ಒಂದ್ ಬೆಡ್‌ರೂಮ್ ಅಷ್ಟೇ, ಪೇಂಟರ್ ಒಂದ್ ರೂಮಿಗೆ ಬರಲ್ಲ ಅಂತಾನೆ, ನಾವೇ ಹೊಡ್ಕೊಂಡ್ರೆ ಆಗತ್ತಾ, ಯಾವ ಪೇಂಟ್ ತರ್ಲಿ?" ಆಗತ್ತೆ. ಶನಿವಾರ ಭಾನುವಾರ ಎರಡು ದಿನ, ಗೋಡೆ ಸ್ವಲ್ಪ ಕೆಟ್ಟಿದ್ರೆ ಇನ್ನೊಂದ್ ವಾರಾಂತ್ಯ. ಆದ್ರೆ ಎಲ್ಲರೂ ಮೊದಲು ಕೇಳೋದು ಯಾವ ಪೇಂಟು ಅಂತ, ನಾನ್ ತಿರುಗಿಸಿ ಕೇಳೋದು ನಿಮ್ ಗೋಡೆ ಹೆಂಗಿದೆ ಅಂತ. ಅದಕ್ಕೆ ಉತ್ತರ ಗೊತ್ತಾಗೋವರೆಗೂ ಅಂಗಡಿಗೆ ಹೋಗ್ಬೇಡಿ, ಹೋದ್ರೆ ಅವ್ರು ಕೊಟ್ಟಿದ್ದನ್ನ ಹೊತ್ಕೊಂಡ್ ಬರ್ತೀರ.

ಬಾಡಿಗೆ ಮನೇಲಿರೋರಿಗೆ ಒಂದು ಮಾತು. ಬೆಂಗಳೂರಲ್ಲಿ ಖಾಲಿ ಮಾಡೋವಾಗ ಪೇಂಟಿಂಗ್ ಅಂತ ಒಂದು ತಿಂಗಳ ಬಾಡಿಗೆನ ಅಡ್ವಾನ್ಸಲ್ಲಿ ಹಿಡ್ಕೊಳ್ಳೋದು ರೂಢಿ, ನೀವು ಹೋದ ತಿಂಗಳು ತಾನೇ ಹೊಡ್ದಿದೀರ ಅಂದ್ರೂ ಬಿಡಲ್ಲ. ಅದಕ್ಕೆ ಅಗ್ರಿಮೆಂಟಲ್ಲಿ ಏನ್ ಬರ್ದಿದೆ ನೋಡಿ, ಓನರ್ ಹತ್ರ ಮೊದಲೇ ಕೇಳಿ, ಒಪ್ಪಿದ್ರೆ ವಾಟ್ಸಾಪಲ್ಲಿ ಒಂದ್ ಲೈನ್ ಬರೆಸ್ಕೊಳ್ಳಿ. ದುಡ್ಡು ಉಳಿಸ್ಬೇಕು ಅನ್ನೋ ಒಂದೇ ಕಾರಣಕ್ಕೆ ಹೊಡೆಯೋದಾದ್ರೆ ಇಲ್ಲೇ ನಿಲ್ಲಿಸಬೋದು.

1. ಗೋಡೆ ಮುಟ್ಟಿ ನೋಡಿ

ಮೊದಲನೇದು, ಕೈ ಒರೆಸ್ಕೊಂಡು ಗೋಡೆ ಮೇಲೆ ಅಂಗೈ ಒತ್ತಿ ಎಳೀರಿ. ಕೈಗೆ ಬಿಳಿ ಪುಡಿ ಬಂತಾ? ಹಂಗಾದ್ರೆ ಕೆಳಗಿರೋದು ಸುಣ್ಣ ಅಥವಾ ಹಳೇ ಡಿಸ್ಟೆಂಪರ್ (ಎಲ್ಲಕ್ಕಿಂತ ಅಗ್ಗದ ಗೋಡೆ ಪೇಂಟು). ಮಲ್ಲೇಶ್ವರ, ಬಸವನಗುಡಿ, ಚಾಮರಾಜಪೇಟೆ ಕಡೆ ಹಳೇ ಮನೆಗಳಲ್ಲಿ ಇದು ಮಾಮೂಲಿ. ಅದರ ಮೇಲೆ ಎಷ್ಟೇ ದುಬಾರಿ ಪೇಂಟ್ ಹೊಡೀರಿ, ಪೇಂಟು ಗೋಡೆಗೆ ಅಂಟಲ್ಲ, ಪುಡಿಗೆ ಅಂಟತ್ತೆ, ಆಮೇಲೆ ಪುಡಿ ಸಮೇತ ಹಪ್ಪಳದ ತರ ಎದ್ದು ಬರತ್ತೆ. ಪುಡಿ ಬರೋ ಗೋಡೆನ ಕೆರೆದು, ತೊಳ್ದು, ಪ್ರೈಮರ್, ಅಂದ್ರೆ ಪೇಂಟಿಗೆ ಮುಂಚೆ ಹಚ್ಚೋ ಅಂಟಿನಂಥ ಪದರ, ಹೊಡೀಲೇಬೇಕು.

ಪುಡಿ ಬರ್ಲಿಲ್ಲ ಅಂದ್ರೆ ಎರಡನೇ ಪರೀಕ್ಷೆ. ಒಂದು ಗೇಣುದ್ದ ಸೆಲೋಟೇಪ್ ಅಂಟಿಸಿ, ಉಗುರಲ್ಲಿ ಚೆನ್ನಾಗಿ ಉಜ್ಜಿ, ಒಂದೇ ಸಲ ಎಳೀರಿ. ಟೇಪ್ ಜೊತೆ ಪೇಂಟ್ ಚಕ್ಕೆ ಬಂದ್ರೆ ಹಳೇ ಪೇಂಟಿನ ಹಿಡಿತ ಹೋಗಿದೆ ಅಂತ. ಟೇಪ್ ಕ್ಲೀನಾಗಿ ಬಂದ್ರೆ ನೀವು ಅದೃಷ್ಟವಂತರು, ಅರ್ಧ ಕೆಲಸ ಉಳೀತು.

ಮೂರನೇದು ತೇವ. ಇದನ್ನ ಬಿಟ್ಟವರೇ ಆರ್ ತಿಂಗಳಿಗೆ "ಪೇಂಟ್ ಸರಿ ಇಲ್ಲ" ಅಂತ ಬೈಯೋದು. ಬಾತ್‌ರೂಮಿನ ಹಿಂದಿನ ಗೋಡೆ, ಟೆರೇಸ್ ಕೆಳಗಿನ ಸೀಲಿಂಗ್ ಮೂಲೆ, ಕಿಟಕಿ ಕೆಳಗೆ, ನೆಲದಿಂದ ಒಂದಡಿ ಎರಡಡಿ ಎತ್ತರದವರೆಗೆ, ಈ ನಾಲ್ಕು ಜಾಗ ನೋಡಿ. ಪೇಂಟ್ ಗುಳ್ಳೆ ಎದ್ದಿದ್ಯಾ, ಉಪ್ಪಿನ ಪುಡಿ ತರ ಬಿಳೀದು ಹೊರಗೆ ಬಂದಿದ್ಯಾ, ಕಪ್ಪು ಬೂಷ್ಟಿದ್ಯಾ? ಅನುಮಾನ ಇದ್ರೆ ಒಂದು ಪ್ಲಾಸ್ಟಿಕ್ ಕವರ್ ಕತ್ತರಿಸಿ, ಒಂದೂವರೆ ಅಡಿ ಚೌಕ, ನಾಲ್ಕೂ ಕಡೆ ಗಾಳಿ ಹೋಗದ ಹಂಗೆ ಟೇಪ್ ಹಾಕಿ ಅಂಟಿಸಿ ಒಂದು ದಿನ ಬಿಡಿ. ಕವರಿನ ಒಳಗಡೆ, ಅಂದ್ರೆ ಗೋಡೆ ಕಡೆ, ಬೆವರಿದ್ರೆ ನೀರು ಗೋಡೆಯಿಂದಾನೇ ಬರ್ತಿದೆ. ಆಗ ಪೇಂಟಿನ ಯೋಚನೆ ಬಿಟ್ಟು ಪ್ಲಂಬರ್‌ಗೆ ಫೋನ್ ಮಾಡಿ, ಇಲ್ಲಾ ಟೆರೇಸ್ ವಾಟರ್‌ಪ್ರೂಫಿಂಗ್ ನೋಡಿ. ಡ್ಯಾಂಪ್ ಪ್ರೂಫ್ ಅಂತ ಡಬ್ಬ ಸಿಗತ್ತಲ್ಲ ಅಂತೀರ, ಸಿಗತ್ತೆ, ಆದ್ರೆ ಹಿಂದೆ ಪೈಪ್ ಸೋರ್ತಿರೋವಾಗ ಮುಂದೆ ಏನ್ ಹಚ್ಚಿದ್ರೂ ನೀರು ಇನ್ನೊಂದ್ ಕಡೆ ದಾರಿ ಹುಡ್ಕೊಳತ್ತೆ.

ಹೊಸ ಮನೆ, ಹೊಸ ಪ್ಲಾಸ್ಟರ್ ಆದ್ರೆ ಕ್ಯೂರಿಂಗ್ (ನೀರು ಹಾಕಿ ಗಟ್ಟಿ ಮಾಡೋದು) ಮುಗಿದು ಪೂರ್ತಿ ಒಣಗೋಕೆ ಕಡಿಮೆ ಅಂದ್ರೂ 28 ದಿನ ಬಿಡಿ, ಮಳೆಗಾಲ ಆದ್ರೆ ಇನ್ನೂ ಜಾಸ್ತಿ.

ಹಳೇ ಮನೆ ಬಾಗಿಲು ಕಿಟಕಿ ಬಗ್ಗೆ ಒಂದು ಎಚ್ಚರಿಕೆ, ಮಕ್ಕಳಿರೋ ಮನೆಯವ್ರು ಇದನ್ನ ಎರಡ್ ಸಲ ಓದಿ. ಮುಂಚೆ ಎನಾಮಲ್, ಅಂದ್ರೆ ಬಾಗಿಲು ಕಿಟಕಿಗೆ ಹೊಡೆಯೋ ಎಣ್ಣೆ ಪೇಂಟಲ್ಲಿ ಸೀಸ ಸಿಕ್ಕಾಪಟ್ಟೆ ಇರ್ತಿತ್ತು. ನಮ್ಮ ದೇಶದಲ್ಲಿ ಮನೆ ಪೇಂಟಲ್ಲಿ ಸೀಸ 90 ಪಿಪಿಎಂಗಿಂತ, ಅಂದ್ರೆ ಹತ್ತು ಲಕ್ಷ ಭಾಗಕ್ಕೆ 90 ಭಾಗಕ್ಕಿಂತ, ಜಾಸ್ತಿ ಇರಬಾರದು ಅನ್ನೋ ನಿಯಮ ಬಂದಿದ್ದೇ 2016ರಲ್ಲಿ, ಜಾರಿಗೆ ಬಂದಿದ್ದು 2017ರ ನವೆಂಬರ್ 1ಕ್ಕೆ. ಅದಕ್ಕಿಂತ ಹಳೇ ಬಾಗಿಲು, ಗ್ರಿಲ್ಲನ್ನ ಒಣಗಿದ್ದು ಒಣಗಿದ್ದ ಹಂಗೇ ಉಜ್ಜಿ ಧೂಳೆಬ್ಬಿಸ್ಬೇಡಿ. ನೀರು ಹಾಕ್ಕೊಂಡು ವಾಟರ್ ಪೇಪರಲ್ಲಿ (ಒದ್ದೆ ಮಾಡಿ ಉಜ್ಜೋ ಸ್ಯಾಂಡ್ ಪೇಪರ್) ಉಜ್ಜಿ, ಒದ್ದೆ ಬಟ್ಟೇಲಿ ಒರೆಸಿ ತೆಗೀರಿ, ಮಾಸ್ಕ್ ಹಾಕಿ, ಮಕ್ಕಳು ಬಸುರಿಯರು ಆ ದಿನ ಬೇರೆ ಕಡೆ ಇರ್ಲಿ.

2. ಯಾವಾಗ ಹೊಡೀಬೇಕು

ಜನವರಿಯಿಂದ ಮಾರ್ಚ್ ಕೊನೆವರೆಗೆ ಬೆಂಗಳೂರಲ್ಲಿ ಬೆಸ್ಟ್. ಗಾಳಿ ಒಣ ಇರತ್ತೆ, ಗೋಡೇನೂ ಒಣಗಿರತ್ತೆ. ನಮ್ಮ ಜನ ವರಮಹಾಲಕ್ಷ್ಮಿಗೋ ಗೌರಿ ಗಣೇಶ ಹಬ್ಬಕ್ಕೋ ಅಂತ ಜಡಿಮಳೇಲಿ ಡಬ್ಬ ತೆಗೀತಾರೆ, ಯುಗಾದಿಗೆ ಅಂತ ಮಾಡಿದ್ರೆ ಎಷ್ಟೋ ವಾಸಿ. ಮಳೆಗಾಲದಲ್ಲೇ ಹೊಡೀಬೇಕಾಗಿ ಬಂದ್ರೆ ಎರಡು ಮೂರು ದಿನ ಬಿಸಿಲು ಬಿದ್ದ ಮೇಲೆ ಶುರು ಮಾಡಿ, ಒಂದೊಂದ್ ಕೋಟ್ (ಗೋಡೆಗೆ ಒಂದ್ ಸಲ ಪೂರ್ತಿ ಹೊಡೆಯೋದು) ಮಧ್ಯೆ ಡಬ್ಬದಲ್ಲಿ ಹೇಳಿದ್ದಕ್ಕಿಂತ ಡಬಲ್ ಟೈಮ್ ಕೊಡಿ.

3. ಅಳತೆ

ನಾಲ್ಕು ಗೋಡೆ ಅಗಲ ಕೂಡಿ, ಎತ್ತರದಿಂದ ಗುಣಿಸಿ, ಬಾಗಿಲು ಕಿಟಕಿ ಕಳೀರಿ. 10 ಅಡಿಗೆ 12 ಅಡಿ ರೂಮು, 10 ಅಡಿ ಎತ್ತರ ಅಂದ್ಕೊಳ್ಳಿ. ಸುತ್ತಳತೆ 44, ಅದನ್ನ 10ರಿಂದ ಗುಣಿಸಿದ್ರೆ 440 ಚದರ ಅಡಿ. ಒಂದು ಬಾಗಿಲು 21, ಒಂದು ಕಿಟಕಿ 16 ತೆಗೆದ್ರೆ 400 ಚಿಲ್ಲರೆ. ಸೀಲಿಂಗ್ 120 ಬೇರೆ.

ಡಬ್ಬದ ಮೇಲೆ ಒಂದ್ ಲೀಟರಿಗೆ ಇಷ್ಟು ಚದರ ಅಡಿ ಅಂತ ಬರ್ದಿರತ್ತೆ, ಅದು ನಯವಾದ ಗೋಡೆಗೆ, ಕೈ ಪಳಗಿದವ್ರಿಗೆ. ಮೊದಲ ಸಲ ಮಾಡೋರು ಎರಡು ಕೋಟ್‌ಗೆ ಸೇರಿ ಲೀಟರಿಗೆ 100 ಚದರ ಅಡಿ ಅಂತ ಹಿಡ್ಕೊಂಡ್ರೆ ಮೋಸ ಇಲ್ಲ. ಅಂದ್ರೆ ಈ ರೂಮಿನ ಗೋಡೆಗೆ 4 ಲೀಟರ್, ಸೀಲಿಂಗ್‌ಗೆ 1 ಲೀಟರಿನ ಎರಡು ಡಬ್ಬ. ಪ್ಯಾಕ್ ಬರೋದು ಸಾಮಾನ್ಯವಾಗಿ 1, 4, 10, 20 ಲೀಟರಲ್ಲಿ.

ಗೋಡೆ ಬಣ್ಣ ಮಾತ್ರ ಒಂದೇ ಸಲ ತಗೊಳ್ಳಿ, ಕಡಿಮೆ ಬೀಳೋ ಹಂಗಿದ್ರೆ ಒಂದ್ ಲೀಟರ್ ಜಾಸ್ತೀನೇ ತಗೊಳ್ಳಿ. ನಾನು ನಮ್ಮನೆ ಹಾಲ್ ಗೋಡೆಗೆ 4 ಲೀಟರ್ ಸಾಲ್ದೆ ಹತ್ತು ದಿನ ಬಿಟ್ಟು ಅದೇ ಬಣ್ಣದ ಕೋಡ್ ಹೇಳಿ 1 ಲೀಟರ್ ತಂದು ಹಚ್ಚಿದೆ, ಹಗಲಲ್ಲಿ ಏನೂ ಕಾಣ್ಲಿಲ್ಲ, ಸಂಜೆ ಲೈಟ್ ಹಾಕಿದ್ ತಕ್ಷಣ ಕಿಟಕಿ ಪಕ್ಕ ಒಂದು ಚೌಕ ಬೇರೇನೇ ಕಾಣ್ತು. ಈಗಲೂ ಅಲ್ಲಿ ಕ್ಯಾಲೆಂಡರ್ ನೇತಾಡ್ತಿದೆ. ಎರಡು ಡಬ್ಬ ಇದ್ರೆ ದೊಡ್ಡ ಬಕೆಟಿಗೆ ಎರಡನ್ನೂ ಸುರಿದು ಕಲಸಿ ಶುರು ಮಾಡಿ, ಆಗ ಡಬ್ಬದಿಂದ ಡಬ್ಬಕ್ಕೆ ವ್ಯತ್ಯಾಸ ಇದ್ರೂ ಗೋಡೇಲಿ ಕಾಣಲ್ಲ.

4. ಪೇಂಟ್ ಆರಿಸೋದು

ಒಳಗಿನ ಗೋಡೆಗೆ ಮೂರೇ ಹೆಸರು ತಿಳ್ಕೊಂಡ್ರೆ ಸಾಕು.

ಡಿಸ್ಟೆಂಪರ್: ಎಲ್ಲಕ್ಕಿಂತ ಅಗ್ಗ. ಒದ್ದೆ ಬಟ್ಟೇಲಿ ಉಜ್ಜಿದ್ರೆ ಬಣ್ಣ ಬಟ್ಟೆಗೆ ಬರತ್ತೆ. ಸೀಲಿಂಗ್‌ಗೆ, ಸ್ಟೋರ್ ರೂಮಿಗೆ ಓಕೆ. ಜನ ವಾಸ ಮಾಡೋ ರೂಮಿನ ಗೋಡೆಗೆ ನಾನಂತೂ ಬೇಡ ಅಂತೀನಿ, ಯಾಕಂದ್ರೆ ಮುಂದಿನ ಸಲ ಇದನ್ನ ಕೆರೆಯೋನು ನೀವೇ.

ಎಮಲ್ಷನ್: ನೀರಲ್ಲಿ ಕಲಸೋ ಪ್ಲಾಸ್ಟಿಕ್ ಪೇಂಟ್ ಅಂತ ತಿಳ್ಕೊಳ್ಳಿ. ಒಣಗಿದ್ ಮೇಲೆ ಗೋಡೆ ಮೇಲೆ ತೆಳ್ಳಗೆ ಪೊರೆ ಕಟ್ಟತ್ತೆ, ಒರೆಸಬೋದು. ನಿಮಗೆ ಬೇಕಾಗಿರೋದು ಇದೇ. ಇದರಲ್ಲೇ ಮೂರು ದರ್ಜೆ. ಅಗ್ಗದ್ದು ಏಷ್ಯನ್ ಪೇಂಟ್ಸಿನ ಟ್ರ್ಯಾಕ್ಟರ್ ಎಮಲ್ಷನ್ ತರದ್ದು, ಮೇಲಿನ ದರ್ಜೆ ಅದೇ ಕಂಪನಿಯ ರಾಯಲ್, ಬರ್ಜರ್‌ನ ಸಿಲ್ಕ್, ಡ್ಯುಲಕ್ಸ್‌ನ ವೆಲ್ವೆಟ್ ಟಚ್ ತರದವು, ಮಧ್ಯದ್ದು ಪ್ರತಿ ಕಂಪನಿಯಲ್ಲೂ ಒಂದೆರಡಿರತ್ತೆ. ಮೊದಲ ಸಲ ಮಾಡೋರಿಗೆ ನಾನ್ ಹೇಳೋದು ಮಧ್ಯದ ದರ್ಜೆ. ತೀರಾ ಅಗ್ಗದ್ದು ತೆಳ್ಳಗಿರತ್ತೆ, ಎರಡು ಕೋಟಲ್ಲಿ ಹಳೇ ಬಣ್ಣ ಮುಚ್ಚಲ್ಲ, ಮೂರನೇದು ಹೊಡೀಬೇಕಾಗತ್ತೆ, ಉಳಿಸಿದ ದುಡ್ಡು ಅಲ್ಲೇ ಹೋಯ್ತು. ತೀರಾ ದುಬಾರಿದು ಹೊಳೀತದೆ, ಆ ಹೊಳಪಲ್ಲಿ ನಿಮ್ಮ ಕೈ ಪಳಗಿಲ್ಲ ಅನ್ನೋದು ಬಂದೋರಿಗೆಲ್ಲ ಗೊತ್ತಾಗತ್ತೆ.

ಎನಾಮಲ್: ಎಣ್ಣೆ ಪೇಂಟು. ಬಾಗಿಲು, ಕಿಟಕಿ, ಗ್ರಿಲ್ಲಿಗೆ. ವಾಸನೆ ಜೋರು, ಒಣಗೋಕೆ ಒಂದು ರಾತ್ರಿ ಬೇಕು, ಬ್ರಷ್ ತೊಳೆಯೋಕೆ ಟರ್ಪೆಂಟೈನ್ ಬೇಕು. ಗೋಡೆಗೆ ಬೇಡ.

ಹೊಳಪಿಗೆ ಶೀನ್ ಅಂತಾರೆ. ಮ್ಯಾಟ್ ಅಂದ್ರೆ ಹೊಳಪಿಲ್ಲ, ಗೋಡೆ ಉಬ್ಬು ತಗ್ಗು ಅಡಗಿಸತ್ತೆ, ಆದ್ರೆ ಕಲೆ ಬಿದ್ರೆ ಒರೆಸೋದು ಕಷ್ಟ. ಸಾಫ್ಟ್ ಶೀನ್ ಮಧ್ಯದ್ದು. ಹೊಳಪು ಜಾಸ್ತಿ ಆದಂಗೆ ಒರೆಸೋದು ಸುಲಭ, ಗೋಡೆ ಕೊಂಕೂ ಅಷ್ಟೇ ಚೆನ್ನಾಗಿ ಕಾಣತ್ತೆ. ಬೆಡ್‌ರೂಮಿಗೆ ಮ್ಯಾಟ್, ಅಡುಗೆಮನೆಗೆ ಮತ್ತೆ ಮಕ್ಕಳು ಕ್ರೇಯಾನ್ಸ್ ಹಿಡ್ಕೊಂಡು ಓಡಾಡೋ ರೂಮಿಗೆ ಸಾಫ್ಟ್ ಶೀನ್ ಅಥವಾ ವಾಷಬಲ್ ಅಂತ ಬರ್ದಿರೋದು. ಸೀಲಿಂಗ್ ಯಾವಾಗಲೂ ಮ್ಯಾಟ್ ಬಿಳಿ, ಅದರಲ್ಲಿ ಯೋಚನೆ ಮಾಡೋಂಥದ್ದೇನಿಲ್ಲ. ಲೋ ವಿಒಸಿ ಅಂತ ಬರ್ದಿದ್ರೆ ಒಣಗೋವಾಗ ಗಾಳಿಗೆ ಬಿಡೋ ಕೆಮಿಕಲ್ ಆವಿ ಕಡಿಮೆ ಅಂತ ಅರ್ಥ, ಅಸ್ತಮಾ ಇರೋರು ಮನೇಲಿದ್ರೆ ಅದನ್ನೇ ತಗೊಳ್ಳಿ.

ಬಣ್ಣ ಆರಿಸೋದು ನಿಮ್ಮಿಷ್ಟ, ನಾನ್ ಅದರಲ್ಲಿ ತಲೆ ಹಾಕಲ್ಲ. ಆದ್ರೆ ಶೇಡ್ ಕಾರ್ಡಲ್ಲಿ (ಅಂಗಡೀಲಿ ತೋರಿಸೋ ಬಣ್ಣಗಳ ಕಾರ್ಡು) ಉಗುರಿನಷ್ಟು ಇರೋ ಬಣ್ಣ ನಾಲ್ಕು ಗೋಡೆಗೆ ಬಂದಾಗ ಗಾಢವಾಗಿ ಕಾಣತ್ತೆ, ಅದಕ್ಕೆ ಇಷ್ಟ ಆಗಿದ್ದಕ್ಕಿಂತ ಕಾರ್ಡಲ್ಲಿ ಒಂದು ಚೌಕ ತಿಳೀದು ತಗೊಳ್ಳೋದು ಒಳ್ಳೇದು. ಸ್ಯಾಂಪಲ್ ಪ್ಯಾಕ್ ಸಿಕ್ಕಿದ್ರೆ ತಂದು ಕಿಟಕಿ ಇರೋ ಗೋಡೇಲೊಂದು, ಅದರ ಎದುರು ಗೋಡೇಲೊಂದು ಎರಡಡಿ ಚೌಕ ಹಚ್ಚಿ, ಬೆಳಗ್ಗೆ ನೋಡಿ, ರಾತ್ರಿ ನಿಮ್ಮನೆ ಲೈಟಲ್ಲೇ ನೋಡಿ. ಹಳದಿ ಎಲ್ಇಡಿ ಕೆಳಗೆ ತಿಳಿ ಬೂದು ಬಣ್ಣ ಕೆಸರಾಗೋದು ನೋಡಿದ್ರೆ ಆಮೇಲೆ ನನಗೆ ಥ್ಯಾಂಕ್ಸ್ ಹೇಳ್ತೀರ.

ಅಂಗಡೀಲಿ ಬಣ್ಣ ಕಲಸೋ ಮೆಷಿನ್ ಇರತ್ತೆ, ಟಿಂಟಿಂಗ್ ಅಂತಾರೆ. ಬಿಳಿ ಅಥವಾ ಪಾರದರ್ಶಕ ಬೇಸ್ ಪೇಂಟಿಗೆ ಕಂಪ್ಯೂಟರ್ ಹೇಳಿದಷ್ಟು ಬಣ್ಣದ ಹನಿ ಬೀಳತ್ತೆ. ಹನಿ ಬಿದ್ ಮೇಲೆ ವಾಪಸ್ ತಗೊಳಲ್ಲ, ಅದಕ್ಕೆ ಹನಿ ಬೀಳೋಕ್ ಮುಂಚೆ ಡಬ್ಬ ಮೇಲೆ ಮೂರು ವಿಷಯ ನೋಡಿ: ಇಂಟೀರಿಯರ್ ಅಂತ ಇದ್ಯಾ, ನೀವು ಕೇಳಿದ್ದೇ ದರ್ಜೆನಾ, ತಯಾರಾದ ತಿಂಗಳು ಯಾವ್ದು. ಕಲಸಾದ ಮೇಲೆ ಮುಚ್ಚಳದ ಮೇಲೆ ಅಂಟಿಸೋ ಚೀಟಿ ಫೋಟೋ ತೆಗೆದಿಟ್ಕೊಳ್ಳಿ, ಕೋಡ್ ಅದರಲ್ಲೇ ಇರತ್ತೆ. "ಸರ್ ಎಕ್ಸ್‌ಟೀರಿಯರ್ ಉಳ್ದಿದೆ, ಇನ್ನೂ ಗಟ್ಟಿ, ಕಡಿಮೆಗೆ ಕೊಡ್ತೀನಿ" ಅಂದ್ರೆ ಬೇಡಣ್ಣ ಅಂತ ಹೇಳಿ ಬನ್ನಿ. ಹೊರಗಿನ ಪೇಂಟಲ್ಲಿ ಬೂಷ್ಟು ಪಾಚಿ ತಡೆಯೋ ಔಷಧಿ ಜಾಸ್ತಿ ಹಾಕಿರ್ತಾರೆ, ಮಲಗೋ ರೂಮಿಗೆ ಅದು ಬೇಕಾಗಿಲ್ಲ. ಎಂಆರ್‌ಪಿ ಮೇಲೆ ಚೌಕಾಸಿ ನಡೆಯತ್ತೆ, ಕೇಳೋಕೆ ಸಂಕೋಚ ಬೇಡ.

5. ಟೂಲ್ಸ್

ಇಲ್ಲಿ ಚೌಕಾಸಿ ಬೇಡ. ಪೇಂಟಲ್ಲಿ ಮಧ್ಯದ್ದು ತಗೊಂಡು, ಬ್ರಷ್ ರೋಲರಲ್ಲಿ ಒಳ್ಳೇದು ತಗೊಳ್ಳಿ ಅನ್ನೋದು ನನ್ನ ಪಾಲಿಸಿ. ಏರಿಯಾದ ಪೇಂಟ್ ಅಂಗಡೀಲೇ ಎಲ್ಲಾ ಸಿಗತ್ತೆ, ಆಯ್ಕೆ ಬೇಕು ಅಂದ್ರೆ ಎಸ್‌.ಪಿ. ರೋಡ್ ಹಾರ್ಡ್‌ವೇರ್ ಸಾಲಿಗೆ ಹೋಗಿ, ಗಾಡಿ ಮಾತ್ರ ಬಿಟ್ಟು ಮೆಟ್ರೋದಲ್ಲಿ ಹೋಗಿ.

ರೋಲರ್ 9 ಇಂಚಿಂದು ಒಂದು, 4 ಇಂಚಿಂದು ಒಂದು. 4 ಇಂಚಿಂದು ಬಾಗಿಲ ಹಿಂದೆ, ಕಿಟಕಿ ಪಕ್ಕದ ಕಿರಿದಾದ ಜಾಗಕ್ಕೆ. ಮೇಲಿನ ಉಣ್ಣೆ ತರದ ಕವರ್ ಬೇರೆ ಬರೋ ಹಂಗಿರೋ ರೋಲರ್ ತಗೊಂಡ್ರೆ ತೊಳೆಯೋಕೂ ಬದಲಾಯಿಸೋಕೂ ಸುಲಭ. ನಯವಾದ ಗೋಡೆಗೆ ಗಿಡ್ಡ ಕೂದಲಿಂದು, ಒರಟು ಗೋಡೆಗೆ ಉದ್ದ ಕೂದಲಿಂದು. ಸ್ಪಾಂಜ್ ರೋಲರ್ ಬೇಡ, ಗೋಡೆ ಮೇಲೆ ಸಣ್ಣ ಸಣ್ಣ ಗುಳ್ಳೆ ಬಿಡತ್ತೆ. ಹೊಸ ಕವರ್ ತಂದ್ ತಕ್ಷಣ ಪೇಂಟಲ್ಲಿ ಅದ್ದಬೇಡಿ, ಮಾಸ್ಕಿಂಗ್ ಟೇಪ್ (ಪೇಂಟ್ ತಾಗಬಾರದ ಕಡೆ ಅಂಟಿಸೋ ಕಾಗದದ ಟೇಪ್) ಸುತ್ತಿ ಬಿಚ್ಚಿ, ಅಥವಾ ನೀರಲ್ಲಿ ತೊಳ್ದು ಹಿಂಡಿ ಒಣಗಿಸಿ. ಉದುರೋ ಕೂದಲೆಲ್ಲಾ ಆಗ್ಲೇ ಉದುರ್ಲಿ, ಗೋಡೆ ಮೇಲೆ ಬೇಡ.

ಬ್ರಷ್ 2 ಇಂಚಿಂದು ಒಂದು ಮೂಲೆಗಳಿಗೆ, 1 ಇಂಚಿಂದು ಒಂದು ಸ್ವಿಚ್‌ಬೋರ್ಡ್ ಸುತ್ತ. ನೀರಿನ ಪೇಂಟಿಗೆ ನೈಲಾನ್ ಅಥವಾ ಸಿಂಥೆಟಿಕ್ ಕೂದಲು, ಎನಾಮಲ್ಲಿಗೆ ಹಂದಿ ಕೂದಲಿನ ಬ್ರಷ್. ಅಂಗಡೀಲೇ ಬ್ರಷ್ಷಿನ ಕೂದಲು ಬೀಸಣಿಗೆ ತರ ಬಿಡಿಸಿ ಮೆಲ್ಲಗೆ ಎಳೀರಿ, ಮೂರ್ ನಾಲ್ಕು ಕೂದಲು ಕೈಗೆ ಬಂದ್ರೆ ಅಲ್ಲೇ ವಾಪಸ್ ಇಡಿ.

ಇನ್ನು ರೋಲರಿಗೆ ಸಿಕ್ಕಿಸೋ ಉದ್ದ ಕೋಲು (ಸೀಲಿಂಗ್‌ಗೆ ಇದಿಲ್ಲದೆ ಆಗಲ್ಲ, ಕುತ್ತಿಗೆ ಬಿದ್ದೋಗತ್ತೆ), ಪೇಂಟ್ ಟ್ರೇ, 4 ಇಂಚಿನ ಪುಟ್ಟಿ ಬ್ಲೇಡ್ (ಗೋಡೆ ಕೆರೆಯೋಕೆ, ತೂತು ಮುಚ್ಚೋಕೆ), ಸ್ಯಾಂಡ್ ಪೇಪರ್ 120 ಮತ್ತೆ 220 ನಂಬರಿಂದು, ಮಾಸ್ಕಿಂಗ್ ಟೇಪ್ 1 ಇಂಚಿಂದು, ಅಳತೆ ಗೆರೆ ಇರೋ ಜಗ್, ಎನ್95 ಮಾಸ್ಕ್, ಕಣ್ಣಿಗೆ ಕನ್ನಡಕ. ನಂಬರ್ ಅಂದ್ರೆ ಗ್ರಿಟ್, ಜಾಸ್ತಿ ಆದಷ್ಟೂ ನಯ, ಅಷ್ಟೇ. ಏಣಿ ಪಕ್ಕದ ಮನೇಲಿ ಕೇಳಿ, ಅಪಾರ್ಟ್‌ಮೆಂಟ್ ಆದ್ರೆ ಸೆಕ್ಯೂರಿಟಿ ಹತ್ರ ಒಂದು ಇದ್ದೇ ಇರತ್ತೆ. ಪ್ಲಾಸ್ಟಿಕ್ ಚೇರ್ ಮೇಲೆ ಸ್ಟೂಲ್ ಇಟ್ಟು ಹತ್ತೋ ಸಾಹಸ ಬೇಡ.

6. ರೂಮ್ ತಯಾರಿ

ಸಾಮಾನು ಹೊರಗೆ, ಹೋಗದೇ ಇರೋದು ರೂಮಿನ ಮಧ್ಯಕ್ಕೆ, ಮೇಲೆ ಹಳೇ ಬೆಡ್‌ಶೀಟ್. ನೆಲಕ್ಕೆ ಬರೀ ಪ್ಲಾಸ್ಟಿಕ್ ಹಾಸಬೇಡಿ, ಜಾರತ್ತೆ, ಬಿದ್ದ ಹನಿ ಕಾಲಿಗಂಟಿ ಮನೆ ತುಂಬಾ ರಂಗೋಲಿ ಆಗತ್ತೆ. ಹಳೇ ಕಾಟನ್ ಸೀರೆ ಬೆಸ್ಟ್. ರೆಡ್ ಆಕ್ಸೈಡ್ ನೆಲ ಇರೋರು ಮೂಲೆ ಮೂಲೆನೂ ಮುಚ್ಚಿ, ಅದರ ಮೇಲೆ ಬಿದ್ದ ಪೇಂಟ್ ಒಣಗಿದ್ರೆ ಕೆರೆದಾಗ ನೆಲದ ಪಾಲಿಶ್ಶೂ ಹೋಗತ್ತೆ.

ಸ್ವಿಚ್‌ಬೋರ್ಡ್ ಪ್ಲೇಟ್ ತೆಗೆಯೋದಾದ್ರೆ ಆ ರೂಮಿನ ಎಂಸಿಬಿ (ಮೇನ್ ಬೋರ್ಡಲ್ಲಿ ಕರೆಂಟ್ ಕಟ್ ಮಾಡೋ ಸ್ವಿಚ್ಚು) ಆಫ್ ಮಾಡಿ, ಟೆಸ್ಟರ್ ಇಟ್ಟು ನೋಡಿ, ಆಮೇಲೆ ಕೈ ಹಾಕಿ. ಧೈರ್ಯ ಇಲ್ಲಾಂದ್ರೆ ಪ್ಲೇಟ್ ಸುತ್ತ ಮಾಸ್ಕಿಂಗ್ ಟೇಪ್ ಹಾಕಿದ್ರೆ ಸಾಕು.

7. ತೊಳೆಯೋದು, ಕೆರೆಯೋದು, ಪುಟ್ಟಿ

ಬೋರ್ ಹೊಡೆಸೋ ಕೆಲಸ ಇದೇ, ಪೇಂಟ್ ನಿಲ್ಲೋದೂ ಇದರ ಮೇಲೇನೇ. ಅಡುಗೆಮನೇಲಿ ಒಗ್ಗರಣೆ ಜಿಡ್ಡು ಗ್ಯಾಸ್ ಒಲೆ ಮೇಲಿನ ಗೋಡೆಯಿಂದ ಸೀಲಿಂಗ್‌ವರೆಗೂ ಹತ್ತಿರತ್ತೆ, ಪಾತ್ರೆ ತೊಳೆಯೋ ಲಿಕ್ವಿಡ್ ಬಿಸಿನೀರಿಗೆ ಹಾಕಿ ಉಜ್ಜಿ, ಆಮೇಲೆ ಬರೀ ನೀರಲ್ಲಿ ಒರೆಸಿ. ಸೋಪು ಉಳಿದ್ರೂ ಪೇಂಟ್ ಹಿಡಿಯಲ್ಲ. ದೇವರ ಮನೆ ದೀಪದ ಮಸಿ ಹಠಮಾರಿ, ತೊಳೆದ್ರೂ ಹಳದಿ ಕಲೆ ಉಳ್ಕೊಳತ್ತೆ, ನೀರಿನ ಪೇಂಟ್ ಮೇಲಿಂದ ಅದು ಮತ್ತೆ ಇಣುಕತ್ತೆ. ಆ ಜಾಗಕ್ಕೆ ಮಾತ್ರ ಸಾಲ್ವೆಂಟ್ ಪ್ರೈಮರ್, ಅಂದ್ರೆ ಎಣ್ಣೆ ಪ್ರೈಮರ್, ಹಚ್ಚಿ. ಬೂಷ್ಟಿರೋ ಕಡೆ ಬ್ಲೀಚ್ ನೀರು ಹಚ್ಚಿ, ಸ್ವಲ್ಪ ಹೊತ್ತು ಬಿಟ್ಟು ತೊಳೀರಿ, ಕಿಟಕಿ ತೆಗೆದಿಡಿ, ಬ್ಲೀಚ್ ಜೊತೆ ಟಾಯ್ಲೆಟ್ ಆಸಿಡ್ ಇನ್ನೊಂದ್ ಮತ್ತೊಂದ್ ಯಾವುದನ್ನೂ ಬೆರೆಸ್ಬೇಡಿ, ವಿಷದ ಗಾಳಿ ಬರತ್ತೆ.

ಆಮೇಲೆ ಬ್ಲೇಡಲ್ಲಿ ಎದ್ದಿರೋ ಚಕ್ಕೆ ಎಲ್ಲಾ ಕೆರೀರಿ. ಗಟ್ಟಿ ಇರೋದನ್ನ ಕಷ್ಟಪಟ್ಟು ಕಿತ್ತುಹಾಕೋ ಅಗತ್ಯ ಇಲ್ಲ.

ಪುಟ್ಟಿ ಅಂದ್ರೆ ತೂತು, ಬಿರುಕು ಮುಚ್ಚಿ ಗೋಡೆ ಸಮ ಮಾಡೋ ಮುಲಾಮು, ಪೇಂಟರ್‌ಗಳು ಪಟ್ಟಿ ಅಂತಾನೂ ಅಂತಾರೆ. ಎರಡು ತರ. ವೈಟ್ ಸಿಮೆಂಟ್ ಪುಟ್ಟಿ ಪುಡಿ ರೂಪದಲ್ಲಿ ಬರತ್ತೆ, ಬರೀ ಸಿಮೆಂಟ್ ಗೋಡೆಗೆ ಚೆನ್ನ. ಅಕ್ರಿಲಿಕ್ ಪುಟ್ಟಿ ಕಲಸಿದ್ದೇ ಡಬ್ಬದಲ್ಲಿ ಬರತ್ತೆ, ಹಳೇ ಪೇಂಟ್ ಇರೋ ಗೋಡೇಲಿ ಅಲ್ಲಲ್ಲಿ ಮೊಳೆ ತೂತು ಮುಚ್ಚೋಕೆ ಇದೇ ಸರಿ, ಒಂದ್ ರೂಮಿಗೆ 1 ಕೆಜಿ ಡಬ್ಬ ಸಾಕಾಗತ್ತೆ. ಪುಡಿದು ತಗೊಂಡ್ರೆ 1 ಕೆಜಿಗೆ ಸುಮಾರು 350ರಿಂದ 400 ಎಂಎಲ್ ನೀರು, ಗಂಟಿಲ್ಲದ ಹಂಗೆ, ಇಡ್ಲಿ ಹಿಟ್ಟಿಗಿಂತ ಗಟ್ಟಿ, ಬ್ಲೇಡ್ ಓರೆ ಮಾಡಿದ್ರೆ ಜಾರಬಾರದು. ಎರಡು ಗಂಟೇಲಿ ಖರ್ಚಾಗೋ ಅಷ್ಟೇ ಕಲಸಿ, ಗಟ್ಟಿಯಾದ್ಮೇಲೆ ಮತ್ತೆ ನೀರ್ ಹಾಕಿ ಕಲಸಿದ್ರೆ ಅದು ಪುಟ್ಟಿ ಅಲ್ಲ, ಸುದ್ದೆ. ಆಳ ತೂತನ್ನ ಒಂದೇ ಸಲ ತುಂಬಬೇಡಿ, ಒಣಗ್ತಾ ಕುಗ್ಗಿ ಬಿರುಕು ಬಿಡತ್ತೆ, ಎರಡು ಮೂರು ಸಲಕ್ಕೆ ತುಂಬಿ.

ಗೋಡೆ ಪೂರ್ತಿ ಪುಟ್ಟಿ ಹಾಕ್ಬೇಕಾ ಅಂತ ತುಂಬಾ ಜನ ಕೇಳ್ತೀರ. ಹಳೇ ಪೇಂಟ್ ಗಟ್ಟಿಯಾಗಿದ್ದು ಗೋಡೆ ಸುಮಾರಾಗಿ ಸಮ ಇದ್ರೆ ಬೇಡ್ವೇ ಬೇಡ. ಪೂರ್ತಿ ಪುಟ್ಟಿ ಎಳೆಯೋದು ಕೈ ಪಳಗಿದವ್ರ ಕೆಲಸ, ಗೋಡೆ ಅಷ್ಟು ಕೆಟ್ಟಿದ್ರೆ ಪುಟ್ಟಿ ಪ್ರೈಮರ್‌ವರೆಗೂ ಪೇಂಟರ್ ಕೈಲಿ ಮಾಡ್ಸಿ, ಬಣ್ಣ ನೀವು ಹೊಡ್ಕೊಳ್ಳಿ, ಅದರಲ್ಲಿ ನಾಚಿಕೆ ಏನಿಲ್ಲ.

ಒಂದು ರಾತ್ರಿ ಒಣಗಿದ್ ಮೇಲೆ ಪುಟ್ಟಿ ಜಾಗ 120ರಲ್ಲಿ, ಆಮೇಲೆ 220ರಲ್ಲಿ ಉಜ್ಜಿ. ಲೈಟ್ ಆರಿಸಿ ಮೊಬೈಲ್ ಟಾರ್ಚನ್ನ ಗೋಡೆಗೆ ಒರಗಿಸಿ ಓರೆಯಾಗಿ ಬಿಡಿ, ಕೈಗೆ ಸಿಗದ ಉಬ್ಬೆಲ್ಲಾ ನೆರಳಾಗಿ ಕಾಣತ್ತೆ. ಕೊನೆಗೆ ಒಣ ಬಟ್ಟೇಲಿ ಧೂಳು ಪೂರ್ತಿ ತೆಗೀರಿ.

8. ಪ್ರೈಮರ್

ಪ್ರೈಮರ್ ಅಂದ್ರೆ ಗೋಡೆಗೂ ಪೇಂಟಿಗೂ ಮಧ್ಯೆ ಅಂಟು. ವಾಟರ್‌ಬೇಸ್ಡ್ ಇಂಟೀರಿಯರ್ ವಾಲ್ ಪ್ರೈಮರ್ ಅಂತ ಕೇಳಿ. ಹೊಸ ಗೋಡೆ, ಕೆರೆದ ಗೋಡೆ, ಗಾಢ ಬಣ್ಣದಿಂದ ತಿಳಿ ಬಣ್ಣಕ್ಕೆ ಹೋಗೋದು, ಈ ಮೂರಕ್ಕೂ ಪೂರ್ತಿ ಒಂದು ಕೋಟ್. ಹಳೇ ಎಮಲ್ಷನ್ ಗಟ್ಟಿ ಇದ್ರೆ ಪುಟ್ಟಿ ಹಾಕಿದ ಜಾಗಕ್ಕೆ ಮಾತ್ರ ಹಚ್ಚಿದ್ರೆ ಸಾಕು, ಇದಕ್ಕೆ ಸ್ಪಾಟ್ ಪ್ರೈಮಿಂಗ್ ಅಂತಾರೆ. ಅದನ್ನೂ ಬಿಟ್ರೆ ಪುಟ್ಟಿ ಪೇಂಟನ್ನ ಕುಡ್ಕೊಂಡು ಗೋಡೆ ತುಂಬಾ ಮಂಕು ಮಚ್ಚೆ ಕಾಣತ್ತೆ, ಎಷ್ಟ್ ಕೋಟ್ ಹೊಡೆದ್ರೂ ಹೋಗಲ್ಲ.

9. ಹೊಡೆಯೋದು

ಮೊದಲು ಸೀಲಿಂಗ್, ಆಮೇಲೆ ಗೋಡೆ, ಕೊನೆಗೆ ಬಾಗಿಲು ಕಿಟಕಿ. ಮೇಲಿಂದ ಕೆಳಗೆ, ಹನಿ ಬಿದ್ರೂ ಮುಂದಿನದರಲ್ಲಿ ಮುಚ್ಚಿ ಹೋಗತ್ತೆ.

ಡಬ್ಬದ ತಳಕ್ಕೆ ಕೋಲು ಮುಟ್ಟೋ ಹಂಗೆ ಐದು ನಿಮಿಷ ಕಲಸಿ. ನೀರು ಎಷ್ಟು ಅಂತ ಡಬ್ಬದ ಮೇಲೆ ಬರ್ದಿರತ್ತೆ, ಒಂದೊಂದು ಪೇಂಟಿಗೆ ಒಂದೊಂದು ಲೆಕ್ಕ, ಜಗ್ಗಲ್ಲಿ ಅಳೆದೇ ಹಾಕಿ, ಕಣ್ಣಂದಾಜು ಬೇಡ. ಮೊದಲ ಕೋಟ್‌ಗೆ ಎಷ್ಟು ಹಾಕಿದ್ರೋ ಎರಡನೇದಕ್ಕೂ ಅಷ್ಟೇ. ಪೇಂಟ್ ಮುಗೀತಿದೆ ಅಂತ ಕೊನೇಲಿ ನೀರು ಏರಿಸಿದ್ರೆ ಕೊನೇ ಗೋಡೆ ಬೇರೆ ಬಣ್ಣ ಆಗತ್ತೆ.

ರೋಲರ್ ಹೋಗದ ಅಂಚುಗಳನ್ನ ಮೊದಲು ಬ್ರಷ್ಷಲ್ಲಿ ಮಾಡ್ಕೊಳ್ಳೋದಕ್ಕೆ ಕಟಿಂಗ್ ಅಂತಾರೆ. 2 ಇಂಚಿನ ಬ್ರಷ್ಷನ್ನ ಕೂದಲಿನ ಮೂರನೇ ಒಂದು ಭಾಗ ಮಾತ್ರ ಅದ್ದಿ, ಡಬ್ಬದ ಒಳಗಿನ ಗೋಡೆಗೆ ಎರಡೂ ಕಡೆ ತಟ್ಟಿ, ಅಂಚಿಗೆ ಉಜ್ಜಿ ಒರೆಸ್ಬೇಡಿ, ಒರೆಸಿದ್ರೆ ಇರೋ ಪೇಂಟೆಲ್ಲಾ ಹೋಯ್ತು. ಈಗ ಬ್ರಷ್ಷನ್ನ ಪೆನ್ನಿನ ತರ ಹಿಡ್ದು ಸೀಲಿಂಗ್ ಗೆರೆಯಿಂದ ಅರ್ಧ ಇಂಚು ಕೆಳಗೆ ಇಟ್ಟು ಒಂದ್ ಸಲ ಎಳೆದು ಪೇಂಟ್ ಬಿಡಿ, ವಾಪಸ್ ಬರೋವಾಗ ಸ್ವಲ್ಪ ಒತ್ತಿ, ಕೂದಲು ಬೀಸಣಿಗೆ ಆಗತ್ತೆ, ಆ ಬೀಸಣಿಗೆ ತುದಿನ ಮೆಲ್ಲಗೆ ಗೆರೆವರೆಗೆ ತಳ್ಳಿ, ಉಸಿರು ಹಿಡ್ಕೊಂಡು ಒಂದಡಿ ಎಳೀರಿ. ಮೊದಲ ಮೂರಡಿ ಸೊಟ್ಟ ಬರತ್ತೆ, ಅದಕ್ಕೆ ಬಾಗಿಲ ಹಿಂದಿನ ಗೋಡೆಯಿಂದಾನೇ ಶುರು ಮಾಡಿ. ಎರಡು ಮೂರು ಇಂಚು ಅಗಲ ಪೇಂಟಿನ ಪಟ್ಟಿ ಸಾಕು.

ರೂಮಿಗೆಲ್ಲಾ ಕಟಿಂಗ್ ಮುಗಿಸಿ ಆಮೇಲೆ ರೋಲರ್ ಹಿಡಿಯೋದು ಎಲ್ಲರೂ ಮಾಡೋ ತಪ್ಪು. ಆ ಪಟ್ಟಿ ಒಣಗಿರತ್ತೆ, ಒಣಗಿದ್ದರ ಮೇಲೆ ಹಸಿ ಬಂದ್ರೆ ಫೋಟೋ ಫ್ರೇಮ್ ತರ ಗೋಡೆ ಸುತ್ತ ಗೆರೆ ಕಾಣತ್ತೆ. ಒಂದು ಗೋಡೆ ಕಟಿಂಗ್, ಅದು ಹಸಿ ಇರೋವಾಗ್ಲೇ ರೋಲರ್, ಆಮೇಲೆ ಮುಂದಿನ ಗೋಡೆ. ಇಬ್ಬರಿದ್ರೆ ಒಬ್ರು ಕಟಿಂಗ್, ಹಿಂದೆ ಒಬ್ರು ರೋಲರ್, ಬೇಗ ಆಗತ್ತೆ.

ರೋಲರನ್ನ ಟ್ರೇಯಲ್ಲಿ ಅದ್ದಿ ಇಳಿಜಾರಲ್ಲಿ ನಾಲ್ಕೈದು ಸಲ ಉರುಳಿಸಿ, ಎತ್ತಿದಾಗ ತೊಟ್ಟಿಕ್ಕಬಾರದು. ಗೋಡೆ ಮೇಲೆ ಮೂರಡಿ ಅಗಲದಲ್ಲಿ ಮೇಲೆ ಕೆಳಗೆ ಸೊಟ್ಟ ಸೊಟ್ಟ ಎಳೆದು ಪೇಂಟ್ ಹಂಚಿ, ಆಮೇಲೆ ಒತ್ತದೇ ಮೇಲಿಂದ ಕೆಳಗೆ ನೇರ ಎಳೆದು ಮುಗಿಸಿ. ಪೇಂಟ್ ಸರಿಯಾಗಿದ್ರೆ ರೋಲರ್ ಮೆತ್ತಗೆ ಚಪಚಪ ಅನ್ನತ್ತೆ. ಚರಚರ ಅಂತ ಒಣ ಸದ್ದು ಬಂದ್ರೆ ಪೇಂಟ್ ಖಾಲಿ, ಒತ್ತಿ ಹಿಂಡೋಕೆ ಹೋಗ್ದೆ ಮತ್ತೆ ಅದ್ದಿ. ಮುಂದಿನ ಮೂರಡಿ ಹಿಂದಿನದರ ಹಸಿ ಅಂಚಿನ ಮೇಲೆ ಸ್ವಲ್ಪ ಏರಿ ಶುರುವಾಗ್ಲಿ. ಅರ್ಧ ಗೋಡೇಲಿ ಊಟಕ್ಕೆ ಏಳ್ಬೇಡಿ, ಮೂಲೆ ಮುಟ್ಟಿಸಿ ಏಳಿ.

ಮತ್ತೆ ಫ್ಯಾನು. ಬೇಗ ಒಣಗ್ಲಿ ಅಂತ ಫುಲ್ ಸ್ಪೀಡಲ್ಲಿ ಹಾಕ್ತೀರ, ಅಂಚು ಬೇಗ ಒಣಗಿ ಗೆರೆ ಬೀಳತ್ತೆ, ಉಜ್ಜಿದ ಪುಟ್ಟಿ ಧೂಳೆಲ್ಲಾ ಹಸಿ ಗೋಡೆಗೆ ಅಂಟತ್ತೆ. ಕಿಟಕಿ ತೆಗೀರಿ, ಫ್ಯಾನ್ ಹಾಕೋದು ಪೇಂಟ್ ಹೊಡೆದಾದ ಮೇಲೆ.

10. ಎರಡನೇ ಕೋಟು, ಆಮೇಲಿನ ಕೆಲಸ

ಎಮಲ್ಷನ್‌ಗೆ ಸಾಮಾನ್ಯವಾಗಿ ನಾಲ್ಕರಿಂದ ಆರು ಗಂಟೆ ಬಿಟ್ಟು ಎರಡನೇ ಕೋಟ್. ಮುಟ್ಟಿದ್ರೆ ಒಣಗಿದೆ ಅನ್ನಿಸಿದ್ರೂ ಕಾಯಿರಿ, ಬೇಗ ಹೊಡೆದ್ರೆ ಕೆಳಗಿನದು ರೋಲರ್‌ಗೆ ಸುತ್ಕೊಂಡು ಬರತ್ತೆ. ಮೊದಲ ಕೋಟ್ ಆದ್ಮೇಲೆ ಗೋಡೆ ಹುಲಿ ಚರ್ಮದ ತರ ಕಾಣತ್ತೆ, ಗಾಬರಿ ಬೇಡ, ಎಲ್ಲರದ್ದೂ ಹಂಗೇ ಕಾಣೋದು. ಮಧ್ಯದ ಬಿಡುವಲ್ಲಿ ರೋಲರ್ ತೊಳೆಯೋದ್ ಬೇಡ, ಪ್ಲಾಸ್ಟಿಕ್ ಕವರಲ್ಲಿ ಬಿಗಿಯಾಗಿ ಸುತ್ತಿಡಿ.

ಮಾಸ್ಕಿಂಗ್ ಟೇಪನ್ನ ಕೊನೇ ಕೋಟ್ ಪೂರ್ತಿ ಒಣಗೋಕ್ ಮುಂಚೆ, ಓರೆಯಾಗಿ ನಿಧಾನ ಎಳೀರಿ. ಮರುದಿನ ಎಳೆದ್ರೆ ಟೇಪ್ ಜೊತೆ ಗೋಡೆ ಪೇಂಟೂ ಬರತ್ತೆ. ಆಗ್ಲೇ ಒಣಗೋಗಿದ್ರೆ ಟೇಪ್ ಅಂಚಲ್ಲಿ ಬ್ಲೇಡಲ್ಲಿ ಸಣ್ಣ ಗೆರೆ ಎಳೆದು ಬಿಡಿಸಿ.

ಬ್ರಷ್ ರೋಲರ್ ಅವತ್ತೇ ತೊಳೀರಿ. ಮೊದಲು ಪೇಪರ್ ಮೇಲೆ ಉರುಳಿಸಿ ಆದಷ್ಟು ಪೇಂಟ್ ತೆಗೆದು, ಬಕೆಟ್ ನೀರಲ್ಲಿ ಎರಡು ಸಲ ಹಿಂಡಿದ್ರೆ ಸಾಕು, ನಲ್ಲಿ ಕೆಳಗೆ ಅರ್ಧ ಗಂಟೆ ಹಿಡೀಬೇಡಿ, ನೀರಿಗೆ ನಮ್ಮೂರಲ್ಲಿ ಟ್ಯಾಂಕರ್ ಕರೆಸೋ ಪರಿಸ್ಥಿತಿ. ಆ ನೀರನ್ನ ರಸ್ತೆ ಮಳೆ ಚರಂಡಿಗೆ ಚೆಲ್ಲಬೇಡಿ.

ಉಳಿದ ಪೇಂಟನ್ನ ಗಾಳಿಯಾಡದ ಹಂಗೆ ಮುಚ್ಚಳ ಒತ್ತಿ, ಮೇಲೆ ಯಾವ ರೂಮು, ಯಾವ ತಿಂಗಳು ಅಂತ ಮಾರ್ಕರಲ್ಲಿ ಬರ್ದು ಅಟ್ಟದ ಮೇಲಿಡಿ, ಒಂದು ಸಣ್ಣ ಗಾಜಿನ ಉಪ್ಪಿನಕಾಯಿ ಬಾಟ್ಲಿಗೆ ಸ್ವಲ್ಪ ಬೇರೆ ತುಂಬಿಟ್ರೆ ಟಚಪ್‌ಗೆ ದೊಡ್ಡ ಡಬ್ಬ ಬಿಚ್ಚೋದು ತಪ್ಪತ್ತೆ. ಖಾಲಿ ಡಬ್ಬನ ಹಸಿ ಕಸದ ಜೊತೆ ಹಾಕ್ಬೇಡಿ, ಘನತ್ಯಾಜ್ಯ ನಿಯಮದ ಪ್ರಕಾರ ಪೇಂಟ್ ಡಬ್ಬ ಬೇರೆ ಇಡ್ಬೇಕಾದ ಕಸ, ಕಸದ ಗಾಡಿಯವ್ರಿಗೆ ಬೇರೆಯಾಗಿ ಕೈಗೆ ಕೊಡಿ.

ಮಂಚ ಬೀರುನ ಗೋಡೆಗೆ ತಾಗಿಸದೇ ನಾಲ್ಕು ದಿನ ಅರ್ಧ ಅಡಿ ದೂರ ಇಡಿ. ವಾಷಬಲ್ ಅಂತ ಬರ್ದಿದೆ ಅಂತ ಮರುವಾರಾನೇ ಒದ್ದೆ ಬಟ್ಟೆ ತಗೊಂಡು ಉಜ್ಜಬೇಡಿ, ಪೇಂಟ್ ಪೂರ್ತಿ ಗಟ್ಟಿಯಾಗೋಕೆ ಮೂರ್ ನಾಲ್ಕು ವಾರ ಬೇಕು, ಅಲ್ಲೀವರೆಗೆ ಮಕ್ಕಳ ಕ್ರೇಯಾನ್ಸ್ ಬಚ್ಚಿಡಿ.